ಊರಿಗೇ ಕಾಣದ ತಂಡ

ಚಿಕಾಗೊದ ಐಸ್ ಹಾಕಿ ತಂಡ ಬ್ಲ್ಯಾಕ್‌ಹಾಕ್ಸ್. ಅದರ ತವರಿನ ಪಂದ್ಯಗಳು ಆ ಊರಿನ ಟಿವಿಯಲ್ಲೇ ಬರುತ್ತಿರಲಿಲ್ಲ. ಮನೆಯಲ್ಲೇ ಆಟ ಸಿಕ್ಕರೆ ಟಿಕೆಟ್ ಕೊಂಡವರಿಗೆ ಅನ್ಯಾಯ ಎಂಬುದು ಮಾಲೀಕ ಬಿಲ್ ವರ್ಟ್ಜ್ ಅವರ ವಾದ. ಲೆಕ್ಕ ಸರಿಯೇ ಇರಬಹುದು. ಆದರೆ ಕಣ್ಣಿಗೆ ಬೀಳದ ತಂಡವನ್ನು ಊರು ಮರೆಯಿತು, ಕುರ್ಚಿಗಳು ಖಾಲಿಯಾದವು. 2007ರಲ್ಲಿ ಅವರು ತೀರಿಕೊಂಡಾಗ, ಕ್ರೀಡಾಂಗಣದ ಶ್ರದ್ಧಾಂಜಲಿಯಲ್ಲೇ ಜನ ಛೀಮಾರಿ ಹಾಕಿದರು. ಸತ್ತವರ ಮೇಲೂ ಅಷ್ಟು ಸಿಟ್ಟು ನೋಡಿ!

ಮಗ ರಾಕಿ ಪಂದ್ಯಗಳನ್ನು ಟಿವಿಗೆ ತಂದರು. ಮುನಿಸಿಕೊಂಡು ದೂರವಾಗಿದ್ದ ಬಾಬಿ ಹಲ್ ಅವರಂಥ ಹಳೆಯ ತಾರೆಗಳನ್ನು ಮರಳಿ ಕರೆದರು. 2010ರಲ್ಲಿ, 49 ವರ್ಷಗಳ ನಂತರ, ಐಸ್ ಹಾಕಿಯ ಅತಿ ದೊಡ್ಡ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಬಂತು. ಗೆಲುವಿನ ಗೋಲು ಹೊಡೆದ ಪ್ಯಾಟ್ರಿಕ್ ಕೇನ್ ಅವರನ್ನು ತಂಡ ಆರಿಸಿಕೊಂಡದ್ದು ಮಾತ್ರ ಆ ತಂದೆಯ ಕಾಲದಲ್ಲೇ.