ಕಾಳಿಗೆ ಅಂಗಡಿ, ಕಾಯಿಗೆ ಸೆರೆಮನೆ

ಕೃಷ್ಣರಾಜ ಮಾರುಕಟ್ಟೆಯ ಆಸುಪಾಸಿನ ಗ್ರಂಥಿಗೆ ಅಂಗಡಿಗೆ ಹೋಗಿ ನೂರು ಗ್ರಾಂ ಗಸಗಸೆ ಕೇಳಿದರೆ ಅಂಗಡಿಯವರು ಮರುಮಾತಿಲ್ಲದೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ಬೆಲೆ ಕೇಳಿ ಗಿರಾಕಿ ಬೆಚ್ಚಬಹುದು, ಅಷ್ಟೆ. ಮನೆಯಲ್ಲಿ ಅದನ್ನು ಹುರಿದು, ಕಾಯಿತುರಿಯೊಡನೆ ರುಬ್ಬಿ, ಬೆಲ್ಲ ಹಾಕಿ ಪಾಯಸ ಮಾಡುತ್ತಾರೆ. ಉಂಡವರಿಗೆ ಮಧ್ಯಾಹ್ನ ಸೊಗಸಾದ ನಿದ್ದೆ ಎಂಬುದು ಚಾಮರಾಜಪೇಟೆ, ಬಸವನಗುಡಿಯ ಮನೆಗಳ ಹಳೆಯ ತಮಾಷೆ. ಆದರೆ ಅದೇ ಗಿಡದ ಒಣಗಿದ ಕಾಯಿಯನ್ನು ಪರವಾನಗಿಯಿಲ್ಲದೆ ಅದೇ ಅಂಗಡಿಯಲ್ಲಿಟ್ಟು ಮಾರಿದರೆ ಸೆರೆಮನೆ. ಕೊಯ್ಲಾದ ಮೇಲೆ ಉಳಿಯುವ ಗಿಡದ ಎಲ್ಲ ಭಾಗಗಳನ್ನೂ, ಕಾಳೊಂದನ್ನು ಬಿಟ್ಟು, 1985ರ ಮಾದಕ ದ್ರವ್ಯಗಳ ಕಾಯಿದೆ ತನ್ನ ಹಿಡಿತಕ್ಕೆ ತೆಗೆದುಕೊಂಡಿದೆ. ಪತ್ರಿಕೆಗಳಲ್ಲಿ ದಿನವೂ ಕಾಣುವ 'ಎನ್‌ಡಿಪಿಎಸ್' ಎಂದರೆ ಇದೇ ಕಾಯಿದೆ.

ಈ ಗಿಡದ ಹಸಿಕಾಯಿಯನ್ನು ಗೀರಿದರೆ ಒಸರುವ ಹಾಲು ಗಟ್ಟಿಯಾಗಿ ಅಫೀಮು ಆಗುತ್ತದೆ. ಅಫೀಮಿನಿಂದ ಆಸ್ಪತ್ರೆಯ ಮಾರ್ಫಿನ್, ಮಾರ್ಫಿನ್‌ನಿಂದ ಕಳ್ಳಪೇಟೆಯ ಹೆರಾಯಿನ್. ಕಾಯಿ ಒಣಗಿದಾಗ ಒಳಗಿರುವುದು ನಮ್ಮ ಪಾಯಸದ ಗಸಗಸೆ. ಕೇಂದ್ರ ಸರ್ಕಾರದ ಪರವಾನಗಿಯ ಮೇಲೆ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಇದನ್ನು ಬೆಳೆಯುತ್ತಾರೆ. ಸಾಲದ್ದಕ್ಕೆ ಟರ್ಕಿಯಿಂದಲೂ ಗಸಗಸೆ ತರಿಸುತ್ತಾರೆ. ಹಾಗೆಂದು ಮಗನಿಗೋ ಮಗಳಿಗೋ ಕೊಡಲು ದುಬೈಗೆ ಒಂದು ಪೊಟ್ಟಣ ಒಯ್ಯುವ ಸಾಹಸ ಬೇಡ. ಅಲ್ಲಿ ಕಾಳೂ ನಿಷಿದ್ಧ. ನಮ್ಮ ಸಂಸತ್ತು ಗೆರೆ ಎಳೆದಿರುವುದು ಕಾಯಿಗೂ ಕಾಳಿಗೂ ನಡುವೆ. ಅಲ್ಲಿನವರು ಕಾಳಿನ ಆಚೆಗೇ ಎಳೆದಿದ್ದಾರೆ.

ಮಾದಕ ವಸ್ತುಗಳ ವಿಷಯ ಸದನಕ್ಕೆ ಬಂದಾಗಲೆಲ್ಲ ಕಿವಿಗೆ ಬೀಳುವ ಮಾತು 'ಕಠಿಣ ಶಿಕ್ಷೆ'. ಆ ಮಾತಿಗೆ ಮೇಜು ಕುಟ್ಟುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ನಿಜವಾದ ಕೆಲಸ ಇರುವುದು ಈ ಗೆರೆ ಎಳೆಯುವುದರಲ್ಲಿ. ಗಿಡದ ಯಾವ ಭಾಗ, ಎಷ್ಟು ಗ್ರಾಂ, ಮಾರುವವನೋ ಸೇವಿಸುವವನೋ ಎಂಬ ಪ್ರಶ್ನೆಗಳು ಬೇಸರದ ಪ್ರಶ್ನೆಗಳು. ಆದರೆ ಒಬ್ಬ ಮನುಷ್ಯ ಆರು ತಿಂಗಳು ಒಳಗಿರುತ್ತಾನೋ ಹತ್ತು ವರ್ಷವೋ ಎಂಬುದನ್ನು ಇವೇ ತೀರ್ಮಾನಿಸುತ್ತವೆ.

ಇಂಥ ಪ್ರಶ್ನೆಗಳನ್ನು ನಿಧಾನವಾಗಿ ಕೇಳಿದ ಕಾಲವೊಂದಿತ್ತು. 1893ರ ಮಾರ್ಚ್‌ನಲ್ಲಿ ಬ್ರಿಟಿಷ್ ಕಾಮನ್ಸ್ ಸಭೆಯಲ್ಲಿ ಡಬ್ಲ್ಯು. ಎಸ್. ಕೇನ್ ಎಂಬ ಪಾನವಿರೋಧಿ ಸದಸ್ಯರು ಭಾರತದ ಗಾಂಜಾ ಬಗ್ಗೆ ಪ್ರಶ್ನೆ ಎತ್ತಿದರು. ಅದರ ಫಲವಾಗಿ ಆಯೋಗವೊಂದು ನೇಮಕವಾಗಿ, ದೇಶವನ್ನು ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು, 1894ರಲ್ಲಿ ವರದಿ ಕೊಟ್ಟಿತು. ಗಾಂಜಾವನ್ನು ಪೂರ್ತಿ ನಿಷೇಧಿಸುವುದು ಅಗತ್ಯವೂ ಅಲ್ಲ, ಉಚಿತವೂ ಅಲ್ಲ, ತೆರಿಗೆ ಹಾಕಿ ಹತೋಟಿಯಲ್ಲಿಡಬೇಕು ಎಂಬುದು ಅದರ ಅಭಿಪ್ರಾಯ. ನಿಷೇಧಿಸಿದರೆ ಜನ ಇನ್ನೂ ಕೆಟ್ಟ ವಸ್ತುಗಳತ್ತ ಹೋದಾರೆಂಬ ಅಂಜಿಕೆಯೂ ಅದರಲ್ಲಿತ್ತು. ಆಯೋಗವನ್ನು ನೇಮಿಸಿದ ಸರ್ಕಾರಕ್ಕೆ ಅಬಕಾರಿ ಆದಾಯದ ಆಸೆ ಇರಲಿಲ್ಲವೆನ್ನಲು ಬರುವುದಿಲ್ಲ. ಆ ಆದಾಯದ ನೆರಳು ಇಂದಿಗೂ ಇದೆ: ಈ ಕಾಯಿದೆಯ ತಿದ್ದುಪಡಿಯನ್ನು ಸಂಸತ್ತಿಗೆ ತರುವುದು ಆರೋಗ್ಯ ಇಲಾಖೆಯಲ್ಲ, ಗೃಹ ಇಲಾಖೆಯೂ ಅಲ್ಲ, ಹಣಕಾಸು ಇಲಾಖೆ.

ಸಂವಿಧಾನ ರಚನಾ ಸಭೆಯಲ್ಲೂ ಈ ಮಾತು ಬಂತು. 1948ರ ನವೆಂಬರ್ 24ರಂದು, ಮಾದಕ ಪಾನೀಯ ಮತ್ತು ಆರೋಗ್ಯಕ್ಕೆ ಹಾನಿ ಮಾಡುವ ಮಾದಕ ವಸ್ತುಗಳ ನಿಷೇಧಕ್ಕೆ ರಾಜ್ಯ ಯತ್ನಿಸಬೇಕು ಎಂಬ ಈಗಿನ 47ನೇ ವಿಧಿಯ ಚರ್ಚೆ ನಡೆದಾಗ ಜೈಪಾಲ್ ಸಿಂಗ್ ಎದ್ದು ನಿಂತು ವಿರೋಧಿಸಿದರು. ಆದಿವಾಸಿಗಳ ಪೂಜೆಗೂ ನಾಟಿಯ ಕೆಲಸಕ್ಕೂ ಅಕ್ಕಿಯ ಮದ್ಯ ಬೇಕು ಎಂಬುದು ಅವರ ವಾದ. ವಿಧಿ ಅಂಗೀಕಾರವಾಯಿತು. ಔಷಧಿಗೆ ಬೇಕಾದ್ದನ್ನು ಹೊರಗಿಟ್ಟು ಅಲ್ಲೂ ಒಂದು ಗೆರೆ ಬಿತ್ತು.

1985ರಲ್ಲಿ ಅಷ್ಟು ಪುರುಸೊತ್ತು ಇರಲಿಲ್ಲ. ಮಸೂದೆ ಲೋಕಸಭೆಯಲ್ಲಿ ಮಂಡನೆಯಾದದ್ದು ಆಗಸ್ಟ್ 23ರಂದು. ಸೆಪ್ಟೆಂಬರ್ 16ಕ್ಕೆ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ತಿಂಗಳೂ ತುಂಬಿರಲಿಲ್ಲ. 1930ರ ಹಳೆಯ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಇದ್ದುದು ಹೊಸದರಲ್ಲಿ ಬಹಳಷ್ಟು ಅಪರಾಧಗಳಿಗೆ ಕನಿಷ್ಠವೇ ಹತ್ತು ವರ್ಷ ಆಯಿತು. 1989ರ ತಿದ್ದುಪಡಿ ಜಾಮೀನನ್ನು ಬಿಗಿಗೊಳಿಸಿತು, ಕೆಲವು ಅಪರಾಧಗಳನ್ನು ಮತ್ತೆ ಮಾಡಿದವನಿಗೆ ಮರಣದಂಡನೆಯನ್ನೂ ಸೇರಿಸಿತು. ದೊಡ್ಡ ಸಾಗಣೆದಾರರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಇದೆಲ್ಲ ಆದದ್ದು. ಬಲೆಗೆ ಬಿದ್ದವರೆಲ್ಲ ಅಂಥವರೇ ಆಗಿರಲಿಲ್ಲ.

1993ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗೋವಾದ ಒಂದು ಪ್ರಕರಣವನ್ನೇ ನೋಡಿ. ಆರೋಪಿಯ ಬಳಿ ಸಿಕ್ಕಿದ್ದು ಎರಡು ತುಂಡು ಚರಸ್, ಒಂದು 7 ಗ್ರಾಂ, ಇನ್ನೊಂದು 5 ಗ್ರಾಂ. ಸ್ವಂತ ಸೇವನೆಗೆಂದು ರಿಯಾಯಿತಿ ಸಿಗಲು ಆಗಿನ ಮಿತಿ 5 ಗ್ರಾಂ. ಮಿತಿ ದಾಟಿದ್ದರಿಂದ ಹತ್ತು ವರ್ಷ ಸಜೆ ಆಯಿತು. ಆದರೆ ಪರೀಕ್ಷೆಗೆ ಕಳಿಸಿದ್ದು ಒಂದೇ ತುಂಡು, ಪ್ರಯೋಗಾಲಯದಲ್ಲಿ ಅದು 5 ಗ್ರಾಂಗಿಂತ ಕಡಿಮೆ ತೂಗಿತು. ಇನ್ನೊಂದು ತುಂಡು ಚರಸ್ಸೇ ಎಂಬುದಕ್ಕೆ ಸಾಕ್ಷ್ಯವಿಲ್ಲ ಎಂದ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ಆರು ತಿಂಗಳಿಗೆ ಇಳಿಸಿತು. ಅಕ್ಕಸಾಲಿಗನ ತಕ್ಕಡಿಯಲ್ಲಿ ತೂಗುವಷ್ಟು ಅಂತರದ ಮೇಲೆ ಒಂಬತ್ತೂವರೆ ವರ್ಷ ನಿಂತಿತ್ತು.

ಸಂಸತ್ತು ಇದನ್ನು ಸರಿಪಡಿಸಿದ್ದು 2001ರಲ್ಲಿ. 'ಅಲ್ಪ ಪ್ರಮಾಣ', 'ವಾಣಿಜ್ಯ ಪ್ರಮಾಣ' ಮತ್ತು ಇವೆರಡರ ನಡುವಿನದು ಎಂದು ಶಿಕ್ಷೆಗೆ ಮೂರು ಮೆಟ್ಟಿಲು ಮಾಡಿದರು. ಗಾಂಜಾಕ್ಕೆ ಒಂದು ಕಿಲೋವರೆಗೆ ಅಲ್ಪ, 20 ಕಿಲೋ ಮೀರಿದರೆ ವಾಣಿಜ್ಯ; ಹೆರಾಯಿನ್‌ಗೆ 5 ಗ್ರಾಂ ಮತ್ತು 250 ಗ್ರಾಂ. 1985ರಲ್ಲೇ ಮಾಡಬಹುದಾಗಿದ್ದ ಕೆಲಸಕ್ಕೆ ಹದಿನಾರು ವರ್ಷ ಹಿಡಿಯಿತು.

ಅವಸರದ ಇನ್ನೊಂದು ಕಥೆ 2014ರದು. ಆ ವರ್ಷ ನೋವಿನ ರೋಗಿಗಳಿಗೆ ಮಾರ್ಫಿನ್ ಸುಲಭವಾಗಿ ದೊರೆಯಲೆಂದು ಒಳ್ಳೆಯ ತಿದ್ದುಪಡಿಯೊಂದು ಬಂತು. ಹೊಸ ವ್ಯಾಖ್ಯೆ ಸೇರಿಸುವಾಗ ಹಳೆಯ ಒಂದು ಉಪವಾಕ್ಯದ ಕ್ರಮಾಕ್ಷರ ಬದಲಾಯಿತು. ಅಕ್ರಮ ವ್ಯಾಪಾರಕ್ಕೆ ಹಣ ಹೂಡುವವರನ್ನು ಹತ್ತರಿಂದ ಇಪ್ಪತ್ತು ವರ್ಷ ಜೈಲಿಗೆ ಕಳಿಸುವ 27ಎ ಕಲಂ ಮಾತ್ರ ಹಳೆಯ ಅಕ್ಷರವನ್ನೇ ತೋರಿಸುತ್ತ ಉಳಿಯಿತು. ಎಂದರೆ ಆ ಕಲಂ ಈಗ ಬೊಟ್ಟು ಮಾಡುತ್ತಿದ್ದುದು ಆಸ್ಪತ್ರೆಯ ಔಷಧಿಯ ವ್ಯಾಖ್ಯೆಯತ್ತ! ಏಳು ವರ್ಷದ ಮೇಲೆ, 2021ರಲ್ಲಿ, ತ್ರಿಪುರಾ ಹೈಕೋರ್ಟ್ ಈ ತಪ್ಪನ್ನು ಎತ್ತಿ ತೋರಿಸಿತು. ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಮಸೂದೆ, ಅದೂ 2014ರ ಮೇ 1ರಿಂದ ಪೂರ್ವಾನ್ವಯವಾಗುವಂತೆ. ಕೃತ್ಯ ನಡೆದಾಗ ಅಪರಾಧವಲ್ಲದ್ದಕ್ಕೆ ಆಮೇಲೆ ಶಿಕ್ಷಿಸಬಾರದೆಂದು ಸಂವಿಧಾನದ 20ನೇ ವಿಧಿ ಹೇಳುವುದಿಲ್ಲವೇ ಎಂದು ವಿರೋಧಪಕ್ಷದ ಸದಸ್ಯರು ಕೇಳಿದರು. ಹೊಸ ಅಪರಾಧ ಸೃಷ್ಟಿಸುತ್ತಿಲ್ಲ, ಬರಹದ ತಪ್ಪು ತಿದ್ದುತ್ತಿದ್ದೇವೆ ಎಂದು ಸರ್ಕಾರ ಉತ್ತರಿಸಿತು. ಮಸೂದೆ ಎರಡೂ ಸದನ ದಾಟಿತು. ಈ ಕಾಯಿದೆಯ ಬಗ್ಗೆ ನಡೆದ ಚರ್ಚೆಗಳಲ್ಲಿ ಓದಲು ಯೋಗ್ಯವಾದವುಗಳಲ್ಲಿ ಇದೂ ಒಂದು. ಕಾರಣ, ಅಂದು ಮಾತು ನಡೆದದ್ದು ಒಂದು ಅಕ್ಷರದ ಮೇಲೆ.

ಎಲೆಯ ಮೇಲಿನ ಗೆರೆಯ ಪ್ರಶ್ನೆ ಬೆಂಗಳೂರಿನಲ್ಲೇ ಎದ್ದಿತು. ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಡುವ ಅಥವಾ ಕಾಯಿಬಿಡುವ ತುದಿ. ತುದಿಯಿಂದ ಬೇರೆಯಾದ ಎಲೆ, ಬೀಜಗಳು ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯಿದೆಗೆ ಸೇರದೆಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ, ಬೇಗೂರು ಪೊಲೀಸರ ಒಂದು ಪ್ರಕರಣದಲ್ಲಿ ಜಾಮೀನು ನೀಡುವಾಗ ಹೇಳಿತು.

ಇನ್ನು ಮಾರುಕಟ್ಟೆಗೆ ಮೂರು ಕಿಲೋಮೀಟರ್ ದೂರದ ವಿಧಾನಸೌಧ. ಅಲ್ಲಿ ಶಾಸಕರು ಎಷ್ಟೇ ಕಠಿಣ ಶಿಕ್ಷೆ ಕೇಳಿದರೂ ಈ ಗ್ರಾಂಗಳನ್ನಾಗಲೀ ವರ್ಷಗಳನ್ನಾಗಲೀ ರಾಜ್ಯ ತಾನಾಗಿ ಬದಲಿಸಲಾರದು. ವಿಷಯ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರದ ಕಾಯಿದೆಗೆ ವಿರುದ್ಧವಾಗಿ ನಿಲ್ಲಬೇಕಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಆದರೆ ಪೊಲೀಸರು ರಾಜ್ಯದವರು, ಆಸ್ಪತ್ರೆಗಳು ರಾಜ್ಯದವು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು, ಅಲ್ಪ ಪ್ರಮಾಣದ ಪ್ರಕರಣವಾದರೆ, ವಿಚಾರಣೆಯಿಂದ ಬಿಡಲು ಇದೇ ಕಾಯಿದೆಯ 64ಎ ಕಲಂ ಅವಕಾಶ ಕೊಟ್ಟಿದೆ. ವ್ಯಸನ ಚಿಕಿತ್ಸೆಗೆ ದೇಶದಲ್ಲೇ ಹೆಸರಾದ ನಿಮ್ಹಾನ್ಸ್ ಇರುವುದೂ ಇದೇ ಊರಿನಲ್ಲಿ. ದಾಖಲಾದ ಪ್ರಕರಣಗಳೆಷ್ಟು ಎಂದು ಕೇಳುವ ಶಾಸಕರು, ಅವುಗಳಲ್ಲಿ ಅಲ್ಪ ಪ್ರಮಾಣದವೆಷ್ಟು, 64ಎ ಕಲಮಿನಡಿ ಜೈಲಿನ ಬದಲು ಆಸ್ಪತ್ರೆಯ ಬಾಗಿಲಿಗೆ ಹೋದವರೆಷ್ಟು ಎಂದು ಅದೇ ಪ್ರಶ್ನೆಗೆ ಎರಡು ಸಾಲು ಸೇರಿಸಬಹುದು. ಅದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ.