ಸುಳ್ಳರು ಗಿಟಾರ್ ಕೆಳಗಿಟ್ಟಾಗ

ಇವತ್ತು ರಾಜಕೀಯ ಬೇಡ, ಗದ್ದಲದ ಬಗ್ಗೆ ಮಾತಾಡೋಣ. ಈ ವಿಷಯದಲ್ಲಿ ನನಗಿಂತ ಅನುಭವಸ್ಥ ಸಿಗೋದು ಕಷ್ಟ. ದಿನಾ ರಾತ್ರಿ ನೀವೇ ನೋಡ್ತೀರಲ್ಲ!

ಕಳೆದ ತಿಂಗಳು ಚರ್ಚೆಗೆ ಒಬ್ಬ ಹಿರಿಯ ವೈದ್ಯರು ಬಂದಿದ್ದರು. ನನ್ನ ಪ್ರಶ್ನೆಗೆ, "ಈಗಲೇ ಹೇಳೋಕಾಗಲ್ಲ, ಇನ್ನೂ ನೋಡಬೇಕು" ಅಂದರು. ನಾನು ಬಿಡಲಿಲ್ಲ. "ಹೌದೋ ಅಲ್ವೋ? ಒಂದೇ ಮಾತಲ್ಲಿ ಹೇಳಿ ಸಾರ್" ಅಂತ ಮೂರು ಸಲ ಕೂಗಿದೆ. ಅವರು ಸುಮ್ಮನಾದರು. ಬ್ರೇಕ್ ಮುಗಿದಾಗ ಅವರ ಕುರ್ಚಿ ಖಾಲಿ ಇತ್ತು.

ಆ ರಾತ್ರಿ ನಮ್ಮ ಆಡಿಯೊ ಹುಡುಗ ಹೆಡ್‌ಫೋನ್ ಕೈಗೆ ಕೊಟ್ಟು, "ಸಾರ್, ಇದೊಂದು ಕೇಳಿ" ಅಂದ. ಬ್ಯಾಂಡಿನ ಹೆಸರು ಲಯರ್ಸ್. ಅಂದ್ರೆ ಸುಳ್ಳರು. ನನಗೇ ಚುಚ್ತಿದ್ದಾನೆ ಅಂದುಕೊಂಡೆ.

ಇವರದು ನಾಯ್ಸ್ ರಾಕ್. ಬೇರೆಯವರು ಒರೆಸಿ ಹಾಕುವ ಕರ್ಕಶ ಶಬ್ದವನ್ನೇ, ಗಿಟಾರಿನ ಚೀರಾಟವನ್ನೇ, ಸಂಗೀತ ಮಾಡುವ ಪಂಥ. ನ್ಯೂಯಾರ್ಕಿನಿಂದ ಹೊರಟವರು. 2001ರ ಮೊದಲ ಆಲ್ಬಮ್ಮಿನ ಕೊನೆಯ ಹಾಡು ಸುಮಾರು 30 ನಿಮಿಷ. ಬಹುಪಾಲು ಒಂದೇ ತುಣುಕು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. 2004ರಲ್ಲಿ ಮಾಟಗಾತಿಯರ ಬಗ್ಗೆ ಆಲ್ಬಮ್ ಮಾಡಿದರು. ರೋಲಿಂಗ್ ಸ್ಟೋನ್, ಸ್ಪಿನ್‌ನಂಥ ಪತ್ರಿಕೆಗಳು ಚೆನ್ನಾಗಿ ಉಗಿದವು. ಇವರು ಬಗ್ಗಲಿಲ್ಲ.

ಅಂಥವರು 2012ರಲ್ಲಿ, ಆರನೇ ಆಲ್ಬಮ್ಮಿಗೆ, ಗಿಟಾರನ್ನು ಹೆಚ್ಚುಕಡಿಮೆ ಪಕ್ಕಕ್ಕಿಟ್ಟು ಸಿಂಥಸೈಜರ್ ಮುಂದೆ ಕೂತರು. ಹೆಸರಿನ ಅಕ್ಷರಗಳು ಡಬ್ಲ್ಯೂ, ಐ, ಎಕ್ಸ್, ಐ, ಡಬ್ಲ್ಯೂ. ಓದೋದು 'ವಿಶ್ ಯೂ' ಅಂತ. ನಮ್ಮ 'ವಿಕಟಕವಿ' ಥರ, ಹಿಂದಿನಿಂದ ಓದಿದರೂ ಅದೇ.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ಗಿಟಾರ್ ತಂತಿ ಮೀಟಿದರೆ ಶಬ್ದ ಬಂತು, ಮುಗೀತು. ಸಿಂಥಸೈಜರ್‌ನಲ್ಲಿ ಶಬ್ದವನ್ನೇ ಮೊದಲು ಹುಟ್ಟಿಸಬೇಕು. ಯಾವ ಅಲೆ, ಫಿಲ್ಟರ್ ಎಷ್ಟು ತೆರೆದಿರಬೇಕು, ಸ್ವರ ಎಷ್ಟು ಬೇಗ ಏಳಬೇಕು, ಎಷ್ಟು ನಿಧಾನ ಇಳಿಯಬೇಕು... ಒಂದೊಂದು ಗುಂಡಿ ತಿರುಗಿಸಿದಾಗಲೂ, ಇದು ಸರಿಯಾ, ಇದಕ್ಕಿಂತ ಮೊದಲಿನದೇ ಚೆನ್ನಾಗಿತ್ತಾ ಅನ್ನೋ ಪ್ರಶ್ನೆ. ಹತ್ತು ವರ್ಷ ಪಳಗಿದ ಕೈಗಳು ಮತ್ತೆ ಅ ಆ ಇ ಈ ತಿದ್ದಲು ಕೂತವು. ಸಲಹೆಗೆ ಇದ್ದವರು ಡೇನಿಯಲ್ ಮಿಲ್ಲರ್. ಇವರ ಆಲ್ಬಮ್ ಹೊರತಂದ ಮ್ಯೂಟ್ ಕಂಪನಿಯ ಸ್ಥಾಪಕ. 1978ರಲ್ಲೇ ಒಂದು ಸಿಂಥಸೈಜರ್ ಇಟ್ಟುಕೊಂಡು ಹಾಡು ಮಾಡಿದ ಮನುಷ್ಯ.

ಮೊದಲೆಲ್ಲ ಆಂಗಸ್ ಆಂಡ್ರ್ಯೂ ಒಂದು ಕಡೆ, ಆರನ್ ಹೆಂಪ್‌ಹಿಲ್ ಒಂದು ಕಡೆ ಕೂತು ಹಾಡು ಕಟ್ಟುತ್ತಿದ್ದರಂತೆ. ಈ ಸಲ ಇಬ್ಬರೂ ಅಕ್ಕಪಕ್ಕ ಕೂತರು. ಅರ್ಧಂಬರ್ಧ ಯೋಚನೆಯನ್ನು ಇನ್ನೊಬ್ಬನ ಎದುರು ತೆರೆದಿಡಬೇಕಲ್ಲ, ಅದಕ್ಕೆ ಕೂಗಾಟಕ್ಕಿಂತ ಹೆಚ್ಚು ಧೈರ್ಯ ಬೇಕು ಸ್ವಾಮಿ.

ಮೊದಲ ಹಾಡಿನ ಹೆಸರನ್ನ ಕನ್ನಡಕ್ಕೆ ತಂದರೆ 'ಅನುಮಾನದ ನಿಖರ ಬಣ್ಣ' ಅಂತಾಗುತ್ತೆ. ಮಂಜಿನ ಹಾಗೆ ಹರಡುವ ಸ್ವರಗಳು, ಅದರ ನಡುವೆ ಮೆಲುದನಿ. ಕೂಗಿ ಕೂಗಿ ಹೆಸರು ಮಾಡಿದವನು ಪಿಸುಗುಡ್ತಾನೆ! ಹಾಗಂತ ಜೋಗುಳ ಅಂದ್ಕೋಬೇಡಿ. ಒಳಗೊಂದು ಕಳವಳ ಇದ್ದೇ ಇದೆ. ಮುಗಿಯುವ ಮುಂಚೆ 'ಬ್ರ್ಯಾಟ್ಸ್' ಅನ್ನೋ ಹಾಡಿನಲ್ಲಿ ಹಳೇ ರೌಡಿತನ ಒಮ್ಮೆ ಎದ್ದು ಕುಣಿಯುತ್ತೆ. ನನಗೆ ಅದು ಅಷ್ಟಾಗಿ ಹಿಡಿಸಲಿಲ್ಲ, ಅಲ್ಲಿವರೆಗೆ ಕಟ್ಟಿದ್ದನ್ನು ಕೆಡಿಸಿದ ಹಾಗನಿಸಿತು. ಹುಡುಗ ಒಪ್ಪಲಿಲ್ಲ. "ನಿಮಗೆ ವಯಸ್ಸಾಯ್ತು ಸಾರ್" ಅಂದ.

ಈ ಜೋಡಿ ಉಳಿಯಲಿಲ್ಲ. 2017ರ ಹೊತ್ತಿಗೆ ಹೆಂಪ್‌ಹಿಲ್ ಹೊರಟಿದ್ದರು. ಆ ವರ್ಷದ ಆಲ್ಬಮ್ಮನ್ನು ಆಂಡ್ರ್ಯೂ ಒಬ್ಬರೇ ಮಾಡಿದರು.

ನಾನು ಕೆಲಸ ಮಾಡೋ ಜಾಗದಲ್ಲಿ ಅನುಮಾನಕ್ಕೆ ಬಣ್ಣ ಇಲ್ಲ. ಇರೋದು ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ, ಕೊನೆಗೆ ಮೂರು ಆಶ್ಚರ್ಯಚಿಹ್ನೆ. ಆ ವೈದ್ಯರು ಹೇಳಿದ್ದು ಅವತ್ತಿನ ಮಟ್ಟಿಗೆ ಅತ್ಯಂತ ನಿಖರವಾದ ಉತ್ತರ. ಅದನ್ನೇ ನಾನು ಉತ್ತರ ಅಲ್ಲ ಅಂದೆ.

ಮೊನ್ನೆ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಮತ್ತೆ ಬರ್ತೀರಾ ಸಾರ್?" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಕ್ಕರು.

"ಈಗಲೇ ಹೇಳೋಕಾಗಲ್ಲ" ಅಂದರು.