ಶುಶ್ರೂಷೆಯ ಹಾದಿ: ಹತ್ತನೆಯ ತರಗತಿಯ ಹೊಸ್ತಿಲಲ್ಲಿ ಹೆತ್ತವರೊಡನೆ ಒಂದಿಷ್ಟು ಮಾತು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಬರಹರೂಪ)



ಈ ಶಾಲೆಯ ನೂರು ವರ್ಷಗಳ ಹಿರಿಮೆಯನ್ನು ಹೇಳಬಲ್ಲವರು ವೇದಿಕೆಯಲ್ಲಿ ಹಲವರಿದ್ದಾರೆ. ನನ್ನ ಪಾಲಿಗೆ ಬಂದಿರುವುದು ಇಲ್ಲಿಂದ ಹೊರಡುವ ಮಕ್ಕಳ ಮುಂದಿನ ದಾರಿಯ ಮಾತು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನನ್ನ ಕೋಣೆಗೆ ಬರುವ ಹೆತ್ತವರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: “ಟೀಚರ್, ಮಗಳಿಗೆ ನರ್ಸಿಂಗ್ ಕಲಿಯಬೇಕಂತೆ. ಕನ್ನಡದಲ್ಲಿ ಕಲಿತವಳು, ಅವಳಿಂದ ಆದೀತೇ?”

ಆಗುತ್ತದೆ ಎಂಬುದೇ ನನ್ನ ಉತ್ತರ. ಆದರೆ ಎರಡು ವಿಷಯಗಳಲ್ಲಿ ಎಚ್ಚರ ಬೇಕು. ಹತ್ತನೆಯ ತರಗತಿ ಮುಗಿದೊಡನೆ ಆರಿಸಿಕೊಳ್ಳುವ ವಿಷಯಗಳು ಒಂದು, ಎರಡು ವರ್ಷಗಳ ಬಳಿಕ ಆರಿಸಿಕೊಳ್ಳುವ ಕಾಲೇಜು ಇನ್ನೊಂದು. ನಮ್ಮ ಮಕ್ಕಳು ಎಡವುವುದು ಈ ಎರಡು ಕಡೆಗಳಲ್ಲಿ, ಭಾಷೆಯಲ್ಲಿ ಅಲ್ಲ.

ಮೊದಲು ವಿಷಯಗಳ ಆಯ್ಕೆ. ನಾಲ್ಕು ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಪದವಿಗೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಇಂಗ್ಲಿಷಿನೊಂದಿಗೆ ಓದಿರಲೇಬೇಕು. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗದವರಿಗೆ ಕನಿಷ್ಠ ಶೇಕಡಾ 45 ಅಂಕ ಬೇಕು; ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಪ್ಲಸ್ ವನ್‌ನಲ್ಲಿ ವಿಜ್ಞಾನ ಕಷ್ಟವೆಂದು ಹೆದರಿ ವಾಣಿಜ್ಯ ವಿಭಾಗಕ್ಕೆ ಸೇರಿದ ಹುಡುಗಿ, ಅದೆಷ್ಟೇ ಅಂಕ ಪಡೆದರೂ ಈ ಪದವಿಯ ಬಾಗಿಲಲ್ಲಿ ನಿಲ್ಲಲಾರಳು. ಆದ್ದರಿಂದ ಪ್ಲಸ್ ವನ್ ಏಕಜಾಲಕದ ಅರ್ಜಿ ತುಂಬುವ ದಿನವೇ ಈ ನಿರ್ಧಾರ ಆಗಬೇಕು.

ವಿಜ್ಞಾನ ಓದದವರಿಗೆ ಹಾದಿ ಪೂರ್ತಿ ಮುಚ್ಚಿಲ್ಲ. ಎರಡು ವರ್ಷಗಳ ಎ.ಎನ್.ಎಂ. ಮತ್ತು ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾಗಳಿಗೆ ಯಾವ ವಿಭಾಗದಲ್ಲಿ ಪ್ಲಸ್ ಟು ಮುಗಿಸಿದವರೂ ಅರ್ಹರೆಂದು ಪರಿಷತ್ತಿನ ನಿಯಮ ಹೇಳುತ್ತದೆ, ಜಿ.ಎನ್.ಎಂ.ನಲ್ಲಿ ವಿಜ್ಞಾನದವರಿಗೆ ಆದ್ಯತೆ ಇದೆ. ಎ.ಎನ್.ಎಂ. ಕಲಿತವರು ಮನೆಮನೆಗೆ ಹೋಗಿ ಲಸಿಕೆ, ಬಸಿರಿ-ಬಾಣಂತಿಯರ ಆರೈಕೆ ನೋಡಿಕೊಳ್ಳುವ ಆರೋಗ್ಯ ಕಾರ್ಯಕರ್ತೆಯರಾಗುತ್ತಾರೆ. ಜಿ.ಎನ್.ಎಂ. ಮುಗಿಸಿದವರು ಆಸ್ಪತ್ರೆಯ ನರ್ಸ್ ಆಗಿ ದುಡಿಯಬಹುದು, ಮುಂದೆ ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ ಸೇರಿ ಪದವೀಧರರಾಗಬಹುದು. ಅಲ್ಲಿಂದ ಎಂ.ಎಸ್ಸಿ., ಪಿಎಚ್.ಡಿ., ಕಾಲೇಜಿನ ಅಧ್ಯಾಪನ. ತೀವ್ರ ನಿಗಾ ಘಟಕದ ಕೆಲಸ ಮೆಚ್ಚುವವರಿಗೆ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷಗಳ ಸ್ನಾತಕೋತ್ತರ ಶಿಕ್ಷಣವೂ ಇದೆ. ಕೆಳಗಿನ ಮೆಟ್ಟಿಲಿನಿಂದ ಹತ್ತಿದವರೂ ಮೇಲಕ್ಕೆ ತಲುಪಬಲ್ಲ ಏಣಿ ಇದು. ಗಂಡುಮಕ್ಕಳ ಹೆತ್ತವರೂ ಈ ಮಾತನ್ನು ಕಿವಿಗೊಟ್ಟು ಕೇಳಬೇಕು. ಇದು ಹೆಣ್ಣುಮಕ್ಕಳ ಕೆಲಸವೆಂಬ ಕಾಲ ಕಳೆಯಿತು.

ಇನ್ನು ಕಾಲೇಜಿನ ಆಯ್ಕೆ. ಕೇರಳದಲ್ಲಿ ಬಿ.ಎಸ್ಸಿ. ನರ್ಸಿಂಗಿನ ಸರಕಾರಿ ಸೀಟುಗಳಿಗೆ ಪ್ಲಸ್ ಟು ಅಂಕಗಳ ಆಧಾರದಲ್ಲಿ ಎಲ್.ಬಿ.ಎಸ್. ಸೆಂಟರ್ ಮೂಲಕ ಪ್ರವೇಶ ನಡೆಯುತ್ತದೆ; ಕಾಲೇಜುಗಳು ತೃಶ್ಶೂರಿನ ಆರೋಗ್ಯ ವಿಶ್ವವಿದ್ಯಾಲಯದ ಅಧೀನದಲ್ಲಿವೆ. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರದ ಸಿಇಟಿ ಬರೆಯಬೇಕು. ಸಿಇಟಿಯ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರೆಂಬ ಒಂದು ವಿಭಾಗವೇ ಇದೆ. ಕಾಸರಗೋಡಿನಂತಹ ಗಡಿಪ್ರದೇಶಗಳ ಕನ್ನಡ, ತುಳು ಮಾತೃಭಾಷೆಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿಭಾಗ ಅದು. ನಿಗದಿತ ಪ್ರಮಾಣಪತ್ರಗಳನ್ನು ಸಕಾಲದಲ್ಲಿ ಮಾಡಿಸದೆ ಈ ಅವಕಾಶವನ್ನು ಕಳೆದುಕೊಂಡವರನ್ನು ನಾನು ಬಲ್ಲೆ. ಶಾಲೆಯಿಂದ ಬೇಕಾದ ದಾಖಲೆಯನ್ನು ಕೇಳಿದ ದಿನವೇ ಕೊಡುವ ಏರ್ಪಾಡು ಮಾಡಿದ್ದೇವೆ.

ಎಚ್ಚರಿಕೆ ಬೇಕಾಗುವುದು ಈ ಎರಡೂ ದಾರಿಗಳ ಹೊರಗೆ. ಫಲಿತಾಂಶದ ದಿನದಿಂದಲೇ ದಲ್ಲಾಳಿಗಳ ಫೋನು ಮೊದಲಾಗುತ್ತದೆ. “ಸೀಟು ಎರಡೇ ಉಳಿದಿವೆ, ಮುಂಗಡ ಕೊಡಿ” ಎನ್ನುತ್ತಾರೆ. ನಮ್ಮ ಹಳೆ ವಿದ್ಯಾರ್ಥಿನಿಯೊಬ್ಬಳು ಹಾಗೆ ದೂರದ ಕಾಲೇಜೊಂದಕ್ಕೆ ಸೇರಿದಳು. ಅಲ್ಲಿ ಕಲಿಕೆಗೆ ತಕ್ಕ ಆಸ್ಪತ್ರೆಯೇ ಇರಲಿಲ್ಲ. ಬಿಟ್ಟು ಬರುತ್ತೇನೆಂದರೆ ಉಳಿದ ವರ್ಷಗಳ ಶುಲ್ಕ ಕಟ್ಟದೆ ಅಂಕಪಟ್ಟಿ ಕೊಡಲಾಗದೆಂದರು. ಅಡಿಕೆ ತೋಟ ಅಡವಿಟ್ಟ ತಂದೆ ನನ್ನೆದುರು ಕುಳಿತು ಮಾತೇ ಹೊರಡದೆ ಎದ್ದುಹೋದರು. ಆದ್ದರಿಂದ ಒಂದು ರೂಪಾಯಿ ಕೊಡುವ ಮೊದಲು ನಾಲ್ಕು ಸಂಗತಿಗಳನ್ನು ನೋಡಿಕೊಳ್ಳಿ. ಆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಅನುಮತಿ ಈ ವರ್ಷಕ್ಕೆ ಇದೆಯೇ? ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? ಮಕ್ಕಳು ತರಬೇತಿ ಪಡೆಯುವ ಆಸ್ಪತ್ರೆ ಯಾವುದು, ಅಲ್ಲಿ ರೋಗಿಗಳು ನಿಜಕ್ಕೂ ಇದ್ದಾರೆಯೇ? ಹೊರರಾಜ್ಯದಲ್ಲಿ ಕಲಿತರೆ ಮರಳಿ ಬಂದು ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲಿನಲ್ಲಿ ನೋಂದಣಿ ಆಗುತ್ತದೆಯೇ? ನೋಂದಣಿ ಇಲ್ಲದ ಪದವಿ ಬರಿಯ ಕಾಗದ. ಕೈಸಾಲಕ್ಕೆ ಹೋಗುವ ಮೊದಲು ಬ್ಯಾಂಕಿಗೆ ಹೋಗಿ. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಅಡವು ಬೇಕಿಲ್ಲ. ಕಾಲೇಜಿನ ಕಾಗದಪತ್ರ ನೋಡಿ ಬ್ಯಾಂಕಿನವರು ಸಾಲ ಕೊಡಲು ಹಿಂಜರಿದರೆ, ಅದೇ ಒಂದು ಎಚ್ಚರಿಕೆಯೆಂದು ತಿಳಿಯಿರಿ.

ಈಗ ಭಾಷೆಯ ಮಾತು. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆಗಳ ಇಂಗ್ಲಿಷ್ ಪುಸ್ತಕದ ಮುಂದೆ ನಮ್ಮ ಮಕ್ಕಳು ತಡವರಿಸುವುದು ನಿಜ. ಆದರೆ ಆ ಪದಗಳು ಲ್ಯಾಟಿನ್, ಗ್ರೀಕ್ ಮೂಲದವು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೂ ಅವು ಹೊಸವೇ. ಜೀವಕೋಶ, ಅಭಿಧಮನಿ, ಜೀರ್ಣಾಂಗವೆಂದು ಅರ್ಥವರಿತು ಕಲಿತವರಿಗೆ ಹೊಸ ಹೆಸರು ಕಲಿಯುವುದಷ್ಟೇ ಉಳಿದಿರುತ್ತದೆ. ಆರು ತಿಂಗಳ ಶ್ರಮದಲ್ಲಿ ಆ ಅಂತರ ತುಂಬುತ್ತದೆಂದು ಕಲಿತು ಬಂದವರೇ ನನಗೆ ಹೇಳಿದ್ದಾರೆ.

ವಾರ್ಡಿನೊಳಗೆ ಕಾಲಿಟ್ಟ ಮೇಲೆ ಲೆಕ್ಕ ತಿರುಗಿಬೀಳುತ್ತದೆ. ನಮ್ಮದು ಸಪ್ತಭಾಷೆಗಳ ನಾಡು. ಮುದುಕಿಯೊಬ್ಬಳು ಎದೆ ‘ಉರಿಯುತ್ತದೆ’ ಎನ್ನುವುದಕ್ಕೂ ‘ಹಿಡಿದುಕೊಂಡ ಹಾಗಾಗುತ್ತದೆ’ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ತುಳು, ಕನ್ನಡ, ಮಲಯಾಳ ಬಲ್ಲ ನರ್ಸ್ ಒಡನೆ ಗುರುತಿಸುತ್ತಾಳೆ. ಡಾಕ್ಟರನ್ನು ಕರೆಯಲು ಓಡುತ್ತಾಳೆ. ಎಂಡೋಸಲ್ಫಾನ್ ಸಿಂಪಡಣೆಯ ನೋವು ಇಂದಿಗೂ ಹಾಸಿಗೆ ಹಿಡಿದಿರುವ ಮನೆಗಳು ಈ ಜಿಲ್ಲೆಯಲ್ಲಿವೆ. ಅಂಥ ಮನೆಯ ತಾಯಿಗೆ ಮಾತ್ರೆ, ಆಹಾರ, ಬೆನ್ನುಹುಣ್ಣಿನ ಆರೈಕೆಯನ್ನು ಅವಳದೇ ಮಾತಿನಲ್ಲಿ ತಿಳಿಸುವವರು ಬೇಕು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲಿ ನಿಂತದ್ದನ್ನು ನಾವು ಮರೆತಿಲ್ಲ. ಮರುತಿಂಗಳು ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡ ಕೋವಿಡ್ ಆಸ್ಪತ್ರೆಯಾಯಿತು. ಕಟ್ಟಡವನ್ನು ಸರಕಾರ ಕಟ್ಟಬಹುದು. ಅದರೊಳಗೆ ನಮ್ಮ ಜನರ ಮಾತನ್ನು ಕೇಳಿಸಿಕೊಳ್ಳುವವರನ್ನು ಕೊಡಬೇಕಾದದ್ದು ನಮ್ಮಂತಹ ಶಾಲೆಗಳು.

ಉದ್ಯೋಗದ ಕ್ಷೇತ್ರ ವಿಶಾಲವಾಗಿದೆ. ಕೇರಳ ಲೋಕಸೇವಾ ಆಯೋಗ, ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆ, ರೈಲ್ವೆ, ಇ.ಎಸ್.ಐ. ಆಸ್ಪತ್ರೆಗಳು, ಲೆಫ್ಟಿನೆಂಟ್ ಪದವಿಯೊಂದಿಗೆ ಆರಂಭವಾಗುವ ಸೇನಾ ಶುಶ್ರೂಷಾ ಸೇವೆ ಇವೆಲ್ಲ ಸ್ವದೇಶದ ಅವಕಾಶಗಳು. ಹೊರದೇಶ ಬಯಸುವವರು ಬ್ರಿಟನ್‌ಗೆ ಐ.ಇ.ಎಲ್.ಟಿ.ಎಸ್. ಅಥವಾ ಒ.ಇ.ಟಿ., ಅಮೆರಿಕಕ್ಕೆ ಎನ್‌ಕ್ಲೆಕ್ಸ್, ಜರ್ಮನಿಗೆ ಜರ್ಮನ್ ಭಾಷೆ ಕಲಿಯಬೇಕು. ಜರ್ಮನಿಯ ಟ್ರಿಪಲ್ ವಿನ್ ಯೋಜನೆಯಲ್ಲಿ ಆಯ್ಕೆಯಾದವರಿಗೆ ನೋರ್ಕಾ ರೂಟ್ಸ್ ಮೂಲಕ ಭಾಷಾ ತರಬೇತಿಯೂ ಉಚಿತ. ಗಲ್ಫ್ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿ ನೋರ್ಕಾ, ಒಡೆಪೆಕ್‌ನಂತಹ ಸರಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದು ಕೇಂದ್ರ ಸರಕಾರ 2015ರಲ್ಲಿ ನಿಯಮ ಮಾಡಿತು. ಲಕ್ಷಗಟ್ಟಲೆ ಕೇಳುವ ಮಧ್ಯವರ್ತಿಗೆ ಆ ದಿನವೇ ಬಾಗಿಲು ತೋರಿಸಿ.

ಈ ಕೆಲಸ ಹಗುರವೆಂದು ನಾನು ಹೇಳಲಾರೆ. ರಾತ್ರಿಪಾಳಿ ಇದೆ, ಬೆನ್ನುನೋವು ಇದೆ, ಸಾವನ್ನು ಹತ್ತಿರದಿಂದ ಕಾಣುವ ಭಾರ ಇದೆ. ಕಡಿಮೆ ಸಂಬಳದ ವಿರುದ್ಧ ಕೇರಳದ ನರ್ಸ್‌ಗಳು ವರ್ಷಗಟ್ಟಲೆ ಹೋರಾಡಿದ ಬಳಿಕವೇ 2018ರಲ್ಲಿ ಖಾಸಗಿ ಆಸ್ಪತ್ರೆಗಳಿಗೆ 20,000 ರೂಪಾಯಿ ಕನಿಷ್ಠ ವೇತನ ನಿಗದಿಯಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನಿಪಾ ರೋಗಿಯನ್ನು ಆರೈಕೆ ಮಾಡಿದ ಪೇರಾಂಬ್ರದ ನರ್ಸ್ ಲಿನಿ ಅದೇ ರೋಗಕ್ಕೆ ಬಲಿಯಾದರು. ಅವರಿಗೆ ಇಬ್ಬರು ಎಳೆಯ ಮಕ್ಕಳಿದ್ದರು. ಮನಸ್ಸಿಲ್ಲದ ಮಗುವನ್ನು ಸಂಬಳದ ಆಸೆಗಾಗಿ ಈ ಕೆಲಸಕ್ಕೆ ದೂಡಬೇಡಿ. ಮನಸ್ಸಿರುವ ಮಗುವನ್ನು ಮಾಧ್ಯಮದ ಭಯದಿಂದ ತಡೆಯಲೂಬೇಡಿ.

ಕೊನೆಯದಾಗಿ ಒಂದು ಕೋರಿಕೆ. ಈ ಶಾಲೆಯಲ್ಲಿ ಕಲಿತು ಇಂದು ಊರಿನಲ್ಲೋ ಪರದೇಶದಲ್ಲೋ ನರ್ಸ್ ಆಗಿರುವ ಹಳೆ ವಿದ್ಯಾರ್ಥಿಗಳು ತಮ್ಮ ಹೆಸರನ್ನು ಶಾಲೆಯ ಕಚೇರಿಯಲ್ಲಿ ಬರೆಸಬೇಕು. ಇನ್ನು ಮುಂದೆ ಫಲಿತಾಂಶದ ವಾರ ಶಾಲೆಯಲ್ಲಿ ಮಾಹಿತಿ ಕೇಂದ್ರವೊಂದು ತೆರೆದಿರುತ್ತದೆ. ದಲ್ಲಾಳಿಯ ಫೋನಿಗೆ ಮೊದಲು ನಿಮ್ಮ ಫೋನು ನಮ್ಮ ಮಕ್ಕಳ ಮನೆಗೆ ಹೋದರೆ, ಒಂದೆರಡು ಮನೆಗಳ ತೋಟವಾದರೂ ಉಳಿದೀತು. ಶತಮಾನೋತ್ಸವಕ್ಕೆ ಇದಕ್ಕಿಂತ ದೊಡ್ಡ ಕಾಣಿಕೆಯನ್ನು ನಾನು ಬೇಡುವುದಿಲ್ಲ.